ಎಡಗಾಲಿನ ಅಪ್ಪಣೆ

ವಸಿಷ್ಠನಿಗೆ ಪೆಟ್ಟು ತಿನ್ನುವುದನ್ನು ನಾನು ಕಲಿಸಲೇ ಇಲ್ಲ. ಮೊದಲ ದಿನವೇ ಅವನಿಗೆ ಅದು ಬರುತ್ತಿತ್ತು. ಇಪ್ಪತ್ತೆರಡು ವರ್ಷ ಮಕ್ಕಳಿಗೆ ನಾಟಕ ಹೇಳಿಕೊಟ್ಟವಳು ನಾನು, ಯಾರನ್ನೂ ಸುಲಭಕ್ಕೆ ಹೊಗಳುವವಳಲ್ಲ. ಅಂಥವಳು ಅವತ್ತು ಹದಿಮೂರು ಮಕ್ಕಳ ಎದುರಿಗೆ ಅವನ ಬೆನ್ನು ತಟ್ಟಿ, “ನೋಡ್ಕೊಳ್ರೋ, ನಟನೆ ಅಂದ್ರೆ ಇದು” ಎಂದೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಅದು ತೊಂಬತ್ತೊಂಬತ್ತನೇ ಇಸವಿ. ಚಾಮರಾಜಪೇಟೆಯ ಒಂದು ಹೈಸ್ಕೂಲಿನಲ್ಲಿ ನಾನು ವಾರದಲ್ಲಿ ಐದು ದಿನ ಕನ್ನಡದ ಮಿಸ್, ಶನಿವಾರ ಮಧ್ಯಾಹ್ನ ನಾಟಕದ ಮಿಸ್. ಶಾಲೆಯ ನಾಟಕವೆಂದರೆ ಮಕ್ಕಳಿಗೆ ಜರಿಪಂಚೆ ಉಡಿಸಿ ಮಾತು ಒಪ್ಪಿಸುವುದು ಎಂದುಕೊಂಡವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಒಂಬತ್ತನೇ ಕ್ಲಾಸಿನವರಿಗೆ ನಾನು ದೊಡ್ಡವರ ವಿದ್ಯೆಯನ್ನೇ ಕಲಿಸುತ್ತಿದ್ದೆ. ಮೂಳೆ ಮುರಿಯದಂತೆ ಬೀಳುವುದು, ಬೆನ್ನು ತಿರುಗಿಸಿ ಅಳುವುದು, ತಗಲದ ಹಾಗೆ ಕಪಾಳಕ್ಕೆ ಹೊಡೆಯುವುದು, ಇಂಥವು.

ಕಪಾಳಕ್ಕೆ ಹೊಡೆಯಲು ಒಂದು ಕ್ರಮವಿದೆ. ಹೊಡೆಯುವವರು ಕೈ ಎತ್ತಿ ನಿಲ್ಲಿಸಬೇಕು. ಹೊಡೆಸಿಕೊಳ್ಳುವವರು ಸಿದ್ಧರಾದ ಮೇಲೆ ಎಡಗಾಲಿನ ಹೆಬ್ಬೆರಳನ್ನು ನೆಲಕ್ಕೆ ಒಮ್ಮೆ ತಟ್ಟಬೇಕು. ಇದನ್ನು ನಮ್ಮ ಕ್ಲಾಸಿನಲ್ಲಿ ಅಪ್ಪಣೆ ಎನ್ನುತ್ತಿದ್ದೆವು. ಆಮೇಲಷ್ಟೇ ಕೈ ಮುಖದ ಮುಂದೆ ಒಂದು ಗೇಣು ದೂರದಲ್ಲಿ ಹಾದುಹೋಗುತ್ತದೆ, ಹೊಡೆಸಿಕೊಳ್ಳುವವರೇ ಎದೆಯ ಹತ್ತಿರ ಚಪ್ಪಾಳೆ ತಟ್ಟಿ ಸದ್ದು ಮಾಡುತ್ತಾರೆ, ಕೊನೆಗೆ ತಲೆ ತಿರುಗುತ್ತದೆ. ಹೆಬ್ಬೆರಳು ತಟ್ಟುವವರೆಗೂ ಎತ್ತಿದ ಕೈ ಎತ್ತಿದ ಹಾಗೇ ಇರಬೇಕು. ಎದುರಿಗಿರುವವರು ದೇಶ ಆಳುವ ದೊರೆಯ ಪಾತ್ರ ಮಾಡುತ್ತಿದ್ದರೂ ಅಷ್ಟೇ. ಈ ನಿಯಮ ಮುರಿದವರನ್ನು ನಾನು ಒಂದು ತಿಂಗಳು ಕ್ಲಾಸಿಗೆ ಸೇರಿಸುತ್ತಿರಲಿಲ್ಲ.

ಡಿಸೆಂಬರಿನ ಶಾಲಾ ನಾಟಕ ಸ್ಪರ್ಧೆಗೆ ನಾನೇ ಒಂದು ನಾಟಕ ಬರೆದಿದ್ದೆ. ನಗರ್ತಪೇಟೆಯ ಜರಿ ಅಂಗಡಿ. ಒಂದು ಕಟ್ಟು ಜರಿ ಕಾಣೆಯಾಗಿದೆ ಎಂದು ಯಜಮಾನ ಕೆಲಸದ ಹುಡುಗನ ಕಪಾಳಕ್ಕೆ ಬಾರಿಸುತ್ತಾನೆ. ನಾಟಕ ನಿಂತಿರುವುದೇ ಆ ಪೆಟ್ಟಿನ ಮೇಲೆ. ಯಜಮಾನನ ಪಾತ್ರ ರಮ್ಯಶ್ರೀಯದು. ಶ್ರೀರಾಂಪುರದ ಹುಡುಗಿ, ಮಾರ್ಕೆಟ್ಟಿನಲ್ಲಿ ತರಕಾರಿ ಮಂಡಿ ಇಟ್ಟಿರುವ ಮುನಿಗಂಗಪ್ಪನವರ ಮಗಳು, ಮೀಸೆ ಅಂಟಿಸಿದರೆ ನನಗೇ ಹೆದರಿಕೆಯಾಗುವಂಥ ಗತ್ತು. ಹುಡುಗನ ಪಾತ್ರ ವಸಿಷ್ಠನದು. ಅವನು ನಮ್ಮ ಶಾಲೆಯ ಗಣಿತದ ಮೇಷ್ಟ್ರು ರಾಮಾನುಜ ಅವರ ಒಬ್ಬನೇ ಮಗ.

ರಮ್ಯಶ್ರೀ ಕೈ ಎತ್ತುತ್ತಿದ್ದ ಹಾಗೇ ವಸಿಷ್ಠನ ಹೆಗಲು ಮೇಲೇಳುತ್ತಿತ್ತು, ಗದ್ದ ಎದೆಗೆ ಅಂಟುತ್ತಿತ್ತು, ಎಡಗೈ ತಾನಾಗಿ ಕಿವಿ ಮುಚ್ಚುತ್ತಿತ್ತು. ಪೆಟ್ಟಿಗಿಂತ ಮೊದಲೇ ಪೆಟ್ಟು ಬಿದ್ದ ಹಾಗೆ ಕಾಣುತ್ತಿತ್ತು. ಯಾವ ಹೊಸಬನಾದರೂ ಹಾಗೆ ಮಾಡಿದ್ದರೆ ಬೈಯುತ್ತಿದ್ದೆ, ಯಾಕೆಂದರೆ ರಂಗದ ಮೇಲೆ ಅದು ತಪ್ಪು. ಆದರೆ ಇವನದು ಎಷ್ಟು ನಿಜವಾಗಿತ್ತೆಂದರೆ ನನ್ನ ಬುದ್ಧಿಗೆ ಮಂಕು ಕವಿಯಿತು. ದೇವರು ಕೊಟ್ಟ ಪ್ರತಿಭೆ ಎಂದುಕೊಂಡೆ. ಈ ಸಲ ಶೀಲ್ಡು ನಮ್ಮದೇ ಎಂದು ಸ್ಟಾಫ್ ರೂಮಿನಲ್ಲಿ ಜಂಬ ಕೊಚ್ಚಿಕೊಂಡೆ.

ಅಕ್ಟೋಬರಿನ ಕೊನೆಯ ಶನಿವಾರ ಪ್ರಾಕ್ಟೀಸು ಮುಗಿದಿತ್ತು. ಮಕ್ಕಳು ಬ್ಯಾಗು ಹುಡುಕಿಕೊಳ್ಳುತ್ತಿದ್ದರು. ವಸಿಷ್ಠ ನನ್ನ ಪಕ್ಕದಲ್ಲಿ ನಿಂತು ಏನನ್ನೋ ಹೇಳುತ್ತಿದ್ದ. ಕಿಟಕಿಯ ಮೇಲಿನ ಚಿಲಕ ಹಾಕಲು ನಾನು ಕೈ ಎತ್ತಿದೆ. ಅವನ ಹೆಗಲು ಮೇಲೆದ್ದಿತು, ಗದ್ದ ಎದೆಗಂಟಿತು, ಎಡಗೈ ಕಿವಿಗೆ ಹೋಯಿತು. ನಾಟಕ ಮುಗಿದು ಹತ್ತು ನಿಮಿಷವಾಗಿತ್ತು.

“ಏನೋ ಅದು?” ಎಂದೆ.

“ಏನಿಲ್ಲ ಮಿಸ್.” ಅವನು ಕೈ ಇಳಿಸಿ ನಗಲು ನೋಡಿದ.

“ಯಾರು ಹೊಡೀತಾರೆ ನಿಂಗೆ?”

“ಯಾರೂ ಇಲ್ಲ ಮಿಸ್. ಅಪ್ಪಂಗೆ ಹೇಳ್ಬೇಡಿ.”

ಎರಡು ಮಾತಿನಲ್ಲಿ ಎಲ್ಲವನ್ನೂ ಹೇಳಿಬಿಟ್ಟಿದ್ದ. ರಾಮಾನುಜ ಮೇಷ್ಟ್ರು ಎಂದರೆ ಇಡೀ ಚಾಮರಾಜಪೇಟೆಗೆ ಪ್ರೀತಿ. ಬಡ ಮಕ್ಕಳಿಗೆ ಬಿಟ್ಟಿ ಪಾಠ, ಕ್ಲಾಸಿನಲ್ಲಿ ತಮಾಷೆ, ಇಷ್ಟು ವರ್ಷದಲ್ಲಿ ಶಾಲೆಯ ಒಂದು ಮಗುವಿನ ಮೇಲೂ ಕೈ ಮಾಡಿದವರಲ್ಲ. ಹೆಡ್‌ಮಾಸ್ಟರಿಗೆ ಹೇಳಿ ನನ್ನ ನಾಟಕಕ್ಕೆ ಹಾಲ್ ಕೊಡಿಸಿದವರೂ ಅವರೇ. ಅವರನ್ನು ಎದುರು ಹಾಕಿಕೊಂಡರೆ ಹಾಲೂ ಇಲ್ಲ, ಹುಡುಗನೂ ಇಲ್ಲ. ನಾನು ಸುಮ್ಮನಾದೆ. ಸಮಯ ನೋಡಿ ಮಾತಾಡೋಣ ಎಂದು ನನಗೆ ನಾನೇ ಹೇಳಿಕೊಂಡೆ. ಹಾಗೆ ಹದಿನೈದು ದಿನ ಕಳೆಯಿತು. ಆ ಹದಿನೈದು ದಿನವೂ ಅವನು ಮನೆಗೆ ಹೋಗುತ್ತಿದ್ದ, ನಾನೂ ಮನೆಗೆ ಹೋಗಿ ಊಟ ಮಾಡಿ ಮಲಗುತ್ತಿದ್ದೆ.

ಅರ್ಧವಾರ್ಷಿಕ ಪರೀಕ್ಷೆಯ ಪೇಪರು ಕೊಟ್ಟರು. ವಸಿಷ್ಠನಿಗೆ ಗಣಿತದಲ್ಲಿ ಅರವತ್ತೊಂದು. ಆ ಶನಿವಾರ ಮೂರು ಗಂಟೆಗೆ ರಾಮಾನುಜ ಅವರು ಹಾಲಿನ ಬಾಗಿಲಲ್ಲಿ ನಿಂತಿದ್ದರು. ಚಪ್ಪಲಿ ಹೊರಗೆ ಬಿಟ್ಟು, ನಗುತ್ತಲೇ ಒಳಗೆ ಬಂದರು.

“ಬನ್ನಿ ಸಾರ್” ಎಂದೆ.

“ಏನಿಲ್ಲ ಕಲ್ಯಾಣಮ್ಮನವರೇ. ಇವನನ್ನ ನಾಟಕದಿಂದ ಬಿಡಿಸ್ಬೇಕು ಅಂತಿದೀನಿ. ಬಿಡಿಸೋಕ್ಕೆ ಮುಂಚೆ ಏನು ಮಾಡ್ತಾನೆ ಒಂದ್ಸಲ ನೋಡ್ಬಿಡೋಣ ಅಂತ ಬಂದೆ. ಒಂದು ಸೀನ್ ತೋರಿಸಿ. ಚೆನ್ನಾಗಿದ್ರೆ ಇರ್ಲಿ.”

ಅವರು ಬೆಂಚಿನ ಮೇಲೆ ಕೂತರು. ಬೇರೆ ಯಾವುದಾದರೂ ದೃಶ್ಯ ತೋರಿಸಬಹುದಿತ್ತು. ಆದರೆ ನನ್ನ ಹಾಳು ಜಂಬ ಅಲ್ಲೂ ಸುಮ್ಮನಿರಲಿಲ್ಲ. ಆ ದೃಶ್ಯ ನೋಡಿದರೆ ಯಾವ ಅಪ್ಪನ ಮನಸ್ಸಾದರೂ ಕರಗುತ್ತದೆ ಎಂದುಕೊಂಡು, “ಜರಿ ಅಂಗಡಿ ಸೀನ್ ತಗೊಳ್ಳಿ” ಎಂದೆ.

ಉಳಿದ ಮಕ್ಕಳು ಕಲ್ಲು ಹಾಸಿನ ಮೇಲೆ ಸುತ್ತ ಕೂತರು. ರಮ್ಯಶ್ರೀ ತನ್ನ ಮಾತು ಮುಗಿಸಿ ಕೈ ಎತ್ತಿದಳು. ವಸಿಷ್ಠನ ಹೆಗಲು ಎದ್ದಿತು. ಆದರೆ ಹೆಬ್ಬೆರಳು ತಟ್ಟಲಿಲ್ಲ. ಅವನು ಕಣ್ಣಂಚಿನಲ್ಲಿ ಬೆಂಚಿನ ಕಡೆಗೇ ನೋಡುತ್ತಿದ್ದ. ರಮ್ಯಶ್ರೀ ಕೈ ಎತ್ತಿದವಳು ಎತ್ತಿದ ಹಾಗೇ ನಿಂತಳು. ಹೊರಗೆ ಯಾರೋ ಸೈಕಲ್ ಬೆಲ್ ಬಾರಿಸುತ್ತಾ ಹೋದದ್ದು ಕೇಳಿಸಿತು. ಅರ್ಧ ನಿಮಿಷವಾಗಿರಬೇಕು, ಅವಳ ತೋಳು ನಡುಗಲು ಶುರುವಾಯಿತು. ಆದರೂ ಇಳಿಸಲಿಲ್ಲ.

ರಾಮಾನುಜ ಅವರು ನಕ್ಕರು. “ಇಷ್ಟಕ್ಕೆ ಮೂರು ತಿಂಗಳು ಬೇಕಾಯ್ತಾ?” ಎನ್ನುತ್ತಾ ಎದ್ದು ಬಂದರು. “ಸರ್ಕೊಳ್ಳಮ್ಮ. ಹೊಡೆಯೋದು ಹೇಗೆ ಅಂತ ನಾನು ತೋರಿಸ್ತೀನಿ.”

ರಮ್ಯಶ್ರೀ ನನ್ನ ಕಡೆ ನೋಡಿ ಒಂದು ಹೆಜ್ಜೆ ಹಿಂದೆ ಸರಿದಳು. ಅವಳು ನಿಂತಿದ್ದ ಜಾಗದಲ್ಲಿ ಅವರು ನಿಂತರು. ಮುಖದ ಮೇಲೆ ನಗು ಹಾಗೇ ಇತ್ತು. ಬಲಗೈ ಮೇಲೆ ಹೋಯಿತು.

ವಸಿಷ್ಠನ ಹೆಗಲು ಕಿವಿಯವರೆಗೆ ಎದ್ದಿತು. ಕಲ್ಲು ಹಾಸಿನ ಮೇಲೆ ಕೂತಿದ್ದ ಮಕ್ಕಳೆಲ್ಲ ಅವನ ಎಡಗಾಲನ್ನೇ ನೋಡುತ್ತಿದ್ದರು. ಮೂರು ತಿಂಗಳ ಅಭ್ಯಾಸ ಅದು, ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎಲ್ಲರ ಕಣ್ಣೂ ನೆಲದ ಕಡೆಗೆ ಯಾಕಿದೆ ಎಂದು ರಾಮಾನುಜ ಅವರಿಗೆ ತಿಳಿಯಲಿಲ್ಲ. ಅವರೂ ಕೆಳಗೆ ನೋಡಿದರು. ಕೈ ಗಾಳಿಯಲ್ಲೇ ನಿಂತಿತ್ತು.

ವಸಿಷ್ಠ ಕೂಡ ತನ್ನ ಕಾಲು ನೋಡಿಕೊಂಡ. ನಿಧಾನವಾಗಿ ಎಡಗೈಯನ್ನು ಕಿವಿಯಿಂದ ತೆಗೆದ. ಹೆಗಲು ಸ್ವಲ್ಪ ಸ್ವಲ್ಪವಾಗಿ ಕೆಳಗಿಳಿಯಿತು. ಹೆಬ್ಬೆರಳು ಮಾತ್ರ ಅಲುಗಲಿಲ್ಲ.

“ಸಾರ್,” ಎಂದಳು ರಮ್ಯಶ್ರೀ. “ಅವನಿನ್ನೂ ಅಪ್ಪಣೆ ಕೊಟ್ಟಿಲ್ಲ.”

“ಏನು ಕೊಟ್ಟಿಲ್ಲ?”

“ಅಪ್ಪಣೆ ಸಾರ್. ಅವನು ಕೊಡೋವರ್ಗೂ ಹೊಡೆಯೋ ಹಾಗಿಲ್ಲ. ಯಾರಾದ್ರೂ ಅಷ್ಟೇ.”

ರಾಮಾನುಜ ಅವರ ಮುಖದಿಂದ ನಗು ಹೋಯಿತು. “ಯಾರು ಯಾರಿಗಮ್ಮಾ ಅಪ್ಪಣೆ ಕೊಡೋದು?” ಎಂದರು. ಎತ್ತಿದ ಕೈಯನ್ನು ಅವರು ಇಳಿಸಿ, ಜೇಬಿನಿಂದ ಕರವಸ್ತ್ರ ತೆಗೆದು ಒರೆಸಿಕೊಂಡರು. ಆಮೇಲೆ ತುಂಬಾ ಮೆಲ್ಲಗೆ, “ವಸಿಷ್ಠ, ಚಪ್ಪಲಿ ಹಾಕ್ಕೋ. ಮನೆಗೆ ನಡಿ” ಎಂದರು.

ಮನೆಯಲ್ಲಿ ಏನು ಕಾದಿದೆ ಎಂದು ಆ ಮೆಲ್ಲನೆಯ ದನಿಯಿಂದಲೇ ನನಗೆ ಗೊತ್ತಾಯಿತು. ಹುಡುಗ ಬ್ಯಾಗಿಗೆ ಕೈ ಹಾಕಿದ್ದ. ಹದಿನಾಲ್ಕು ವರ್ಷದ ಹುಡುಗಿ ಬಾಯಿ ಬಿಟ್ಟಿದ್ದಳು, ಐವತ್ತರ ನಾನು ಇನ್ನೂ ಸಮಯ ನೋಡುತ್ತಾ ನಿಂತಿದ್ದೆ.

“ಅವನು ಇವತ್ತು ನಿಮ್ಮ ಜೊತೆ ಬರಲ್ಲ ಸಾರ್” ಎಂದೆ.

“ಅವನು ನನ್ನ ಮಗ ಕಲ್ಯಾಣಮ್ಮನವರೇ.”

“ಗೊತ್ತು. ನಾನು ಚಿಲಕ ಹಾಕೋಕ್ಕೆ ಕೈ ಎತ್ತಿದ್ರೆ ಅವನು ಮುದುರ್ಕೋತಾನೆ. ಹೆಡ್‌ಮಾಸ್ಟರ ಹತ್ರ ಮಾತಾಡೋಣ ಅಂದ್ರೆ ಈಗ್ಲೇ ಹೋಗೋಣ ನಡೀರಿ. ಇವರೆಲ್ಲ ಬರ್ತಾರೆ.”

ಅವರು ಮಕ್ಕಳ ಕಡೆ ಒಮ್ಮೆ ನೋಡಿದರು. ಅವರಲ್ಲಿ ಎಂಟು ಜನ ಅವರ ಪಾಠದ ಮನೆಗೆ ಹೋಗುವವರು. “ಈ ಹಾಲ್ ನಿಮಗೆ ಕೊಡಿಸಿದ್ದು ಯಾರು ಅಂತ ನೆನಪಿದೆಯಾ?” ಎಂದು ಕೇಳಿದರು.

“ಇದೆ. ಅದಕ್ಕೇ ಹದಿನೈದು ದಿನ ಬಾಯಿ ಮುಚ್ಕೊಂಡಿದ್ದೆ.”

ರಾಮಾನುಜ ಅವರು ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡರು. ಒಂದು ಕ್ಷಣ ಅಲ್ಲೇ ನಿಂತರು, ಹಿಂತಿರುಗಿ ಬರುತ್ತಾರೇನೋ ಎಂದು ನನಗೆ ಭಯವಾಯಿತು. ಬರಲಿಲ್ಲ.

ಆ ಸಂಜೆ ವಸಿಷ್ಠನನ್ನು ಬಸ್ಸಿನಲ್ಲಿ ಮಲ್ಲೇಶ್ವರಕ್ಕೆ, ಅವನ ತಾಯಿಯ ತಾಯಿ ಸುಂದರಮ್ಮನವರ ಮನೆಗೆ ಕರೆದುಕೊಂಡು ಹೋದೆ. ಆಕೆ ಬಾಗಿಲು ತೆರೆದು ಹುಡುಗನ ಮುಖ ನೋಡಿದರು. ಏನಾಯಿತೆಂದು ಕೇಳಲಿಲ್ಲ. “ಇನ್ನು ಇಲ್ಲೇ ಇರ್ಲಿ ಬಿಡಮ್ಮ. ಅಳಿಯಂದ್ರು ಬಂದ್ರೆ ನಾನು ಮಾತಾಡ್ತೀನಿ” ಎಂದರು. ಆಕೆಗೂ ಮೊದಲೇ ಗೊತ್ತಿತ್ತು ಎಂದು ಆಗ ತಿಳಿಯಿತು. ಮಾರನೆಯ ಬೆಳಗ್ಗೆ ಅವನ ತಾಯಿ ಎರಡು ಜೊತೆ ಯೂನಿಫಾರಂ ತಂದು ಕೊಟ್ಟು ಹೋದರಂತೆ. ರಾಮಾನುಜ ಅವರು ಒಂದು ದಿನ ಬಂದು ಅರ್ಧ ಗಂಟೆ ಕೂತು, ಒಂದು ಲೋಟ ಕಾಫಿ ಕುಡಿದು, ಮಗನನ್ನು ಕರೆಯದೆ ಎದ್ದು ಹೋದರಂತೆ.

ಸೋಮವಾರ ಹಾಲ್ ನಮ್ಮ ಕೈ ತಪ್ಪಿತು. ರಿಪೇರಿ ಇದೆ ಎಂದರು ಹೆಡ್‌ಮಾಸ್ಟರು. ಮುನಿಗಂಗಪ್ಪನವರು ತಮ್ಮ ಮನೆಯ ತಾರಸಿ ಬಿಟ್ಟುಕೊಟ್ಟರು. ಶ್ರೀರಾಂಪುರದ ಆ ತಾರಸಿಯ ಮೇಲೆ ನಾನು ವಸಿಷ್ಠನಿಗೆ ಮೊದಲಿನಿಂದ ಪೆಟ್ಟು ತಿನ್ನುವುದನ್ನು ಕಲಿಸಿದೆ. ಕೈ ಎತ್ತಿದರೂ ಹೆಗಲು ಏಳಬಾರದು. ಅಪ್ಪಣೆ, ಆಮೇಲೆ ಸದ್ದು, ಆಮೇಲೆ ತಲೆ. ಅವನಿಗೆ ಬರಲೇ ಇಲ್ಲ. ದಿನಕ್ಕೆ ಐವತ್ತು ಸಲ ಮಾಡಿಸಿದೆ. ನಾನೇ ಎದುರು ನಿಂತು, ನನ್ನನ್ನು ಹೊಡಿ ಎಂದು ಅವನ ಕೈಲಿ ಮಾಡಿಸಿದೆ. ನನ್ನ ಕಾಲಿನ ಕಡೆ ಅವನು ಕಣ್ಣಿಟ್ಟು ಕಾಯುತ್ತಿದ್ದದ್ದನ್ನು ನೋಡಿ ಒಂದೆರಡು ಸಲ ಬೇಕೆಂದೇ ತಡ ಮಾಡಿದೆ. ಕೈ ನೋಯುವವರೆಗೂ ಕಾದ, ಹೊಡೆಯಲಿಲ್ಲ.

ಸ್ಪರ್ಧೆಯ ದಿನ ನಾನು ರಂಗದ ಪಕ್ಕದ ಪರದೆ ಹಿಡಿದು ನಿಂತಿದ್ದೆ. ರಮ್ಯಶ್ರೀ ಕೈ ಎತ್ತಿದಳು. ವಸಿಷ್ಠ ನೆಟ್ಟಗೆ ನಿಂತಿದ್ದ. ಹೆಬ್ಬೆರಳು ತಟ್ಟಿತು. ಕೈ ಬಂತು, ಸದ್ದಾಯಿತು, ಅವನ ತಲೆ ಒಂದು ಚೂರು ತಡವಾಗಿ ತಿರುಗಿತು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ನಮಗೆ ಯಾವ ಬಹುಮಾನವೂ ಬರಲಿಲ್ಲ. ತೀರ್ಪುಗಾರರಲ್ಲಿ ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದು, “ಎಲ್ಲಾ ಚೆನ್ನಾಗಿತ್ತಮ್ಮ. ಆ ಕಪಾಳಕ್ಕೆ ಹೊಡೆಯೋ ಜಾಗದಲ್ಲಿ ಮಾತ್ರ ಹುಡುಗ ನಟನೆ ಮಾಡ್ತಿದಾನೆ ಅಂತ ಗೊತ್ತಾಗ್ಬಿಡ್ತು” ಎಂದರು. ನಾನು ಅವರಿಗೆ ಕೈ ಮುಗಿದೆ. ಕಣ್ಣಲ್ಲಿ ನೀರು ಬಂದದ್ದನ್ನು ಅವರು ಸೋತ ದುಃಖ ಎಂದುಕೊಂಡರು. ಮುಂದಿನ ವರ್ಷ ನೋಡೋಣ ಬಿಡಿ ಎಂದು ಸಮಾಧಾನ ಹೇಳಿದರು.

ಗ್ರೀನ್ ರೂಮಿನಲ್ಲಿ ರಮ್ಯಶ್ರೀ ಮೀಸೆ ಕಿತ್ತೆಸೆದು ಮುಖ ಊದಿಸಿಕೊಂಡು ಕೂತಿದ್ದಳು. ವಸಿಷ್ಠ ನನ್ನ ಹತ್ತಿರ ಬಂದ.

“ಮಿಸ್, ನಾನು ಕೆಡಿಸ್ಬಿಟ್ನಾ?”

“ಇಲ್ಲ ಕಣೋ. ನೀನು ನಟನೆ ಮಾಡಿದ್ದೇ ಇವತ್ತು.”

ಅವನಿಗೆ ಅರ್ಥವಾಯಿತೋ ಇಲ್ಲವೋ ಗೊತ್ತಿಲ್ಲ. ತಲೆಗೆ ಸುತ್ತಿದ್ದ ಬಟ್ಟೆಯ ಗಂಟು ಬಿಗಿಯಾಗಿದೆ, ಬರ್ತಿಲ್ಲ ಎಂದ. ಬಿಚ್ಚೋಣವೆಂದು ನಾನು ಕೈ ಎತ್ತಿದೆ. ಅವನು ಕದಲದೆ ನಿಂತು, ಹೋಗ್ತಾ ಎಲ್ಲರಿಗೂ ಮಸಾಲೆ ದೋಸೆ ಕೊಡಿಸ್ತೀರಾ ಮಿಸ್ ಎಂದು ಕೇಳುತ್ತಿದ್ದ.