ಅಡ್ಡಮರದ ಮೇಲೆ ಕೂತವರು

ನಾನು ಒಂದು ಬೆಂಚು. ಆದರೆ ಹುಟ್ಟಿದ್ದು ಬೆಂಚಾಗಿ ಅಲ್ಲ.

ಬೆಂಗಳೂರಿನ ಪೂರ್ವಕ್ಕೆ, ಊರು ಮುಗಿದು ನೀಲಗಿರಿ ತೋಪು ಶುರುವಾಗುವಲ್ಲಿ ಒಂದು ಕಾರ್ಖಾನೆಯಿತ್ತು. ಕಾರ್ಖಾನೆಗೊಂದು ಕಾಲೋನಿ, ಕಾಲೋನಿಗೊಂದು ಮೈದಾನ, ಮೈದಾನಕ್ಕೆ ಎರಡು ಗೋಲು. ಪಡುವಣ ಗೋಲಿನ ನೆತ್ತಿಯ ಮೇಲೆ ಅಡ್ಡಮರವಾಗಿ ನಾನಿದ್ದೆ. ಇಪ್ಪತ್ತನಾಲ್ಕು ಅಡಿ ಉದ್ದದ ಹೊನ್ನೆ. ಕಾರ್ಖಾನೆಯ ಬಡಗಿಗಳೇ ನನ್ನನ್ನು ಉಜ್ಜಿ, ಬಿಳಿ ಬಣ್ಣ ಬಳಿದು, ಎರಡು ಕಂಬಗಳ ಮೇಲೆ ಏರಿಸಿದ್ದರು. ಆ ಎತ್ತರದಿಂದ ನನಗೆ ಆಕಾಶ ಕಾಣುತ್ತಿತ್ತು, ಓಡುವವರ ನೆತ್ತಿಗಳು ಕಾಣುತ್ತಿದ್ದವು. ಚೆಂಡು ಬಂದು ನನಗೆ ಬಡಿದರೆ ಒಂದು ಕಡೆಯವರು ತಲೆಗೆ ಕೈ ಹೊತ್ತು ಕೂರುತ್ತಿದ್ದರು, ಇನ್ನೊಂದು ಕಡೆಯವರು ನನಗೆ ಕೈ ಮುಗಿಯುತ್ತಿದ್ದರು. ಎರಡಕ್ಕೂ ನಾನು ಕಾರಣಳಲ್ಲ. ನಾನು ಇದ್ದಲ್ಲೇ ಇದ್ದೆ, ಅಷ್ಟೆ.

ಆಗ ನನಗೆ ಪ್ರೀತಿಯಿದ್ದದ್ದು ಒಬ್ಬನ ಮೇಲೆ ಮಾತ್ರ. ನಮ್ಮ ಕಾರ್ಖಾನೆಯ ಫುಟ್ಬಾಲ್ ತಂಡದ ಗೋಲ್‌ಕೀಪರ್ ಸಂಪಂಗಿ. ಕೋಲಿನಂಥ ಕಾಲು, ಮೊರದಂಥ ಅಂಗೈ. ಪ್ರತಿ ಆಟಕ್ಕೆ ಮುಂಚೆ ಅವನು ಹಿಂದೆ ಸರಿದು, ಓಡಿ ಬಂದು, ಎಗರಿ ನನ್ನನ್ನು ಎರಡು ಸಲ ತಟ್ಟುತ್ತಿದ್ದ. ಟಪ್, ಟಪ್. ಯಾಕೆಂದು ಯಾರೂ ಕೇಳಲಿಲ್ಲ. ನನಗೆ ಮಾತ್ರ ಅದು ಹೆಸರು ಹಿಡಿದು ಕರೆದಂತೆ ಕೇಳಿಸುತ್ತಿತ್ತು.

ಕೆಲವು ವರ್ಷ ಕಳೆದ ಮೇಲೆ ಕಬ್ಬಿಣದ ಗೋಲು ಬಂತು. ನನ್ನನ್ನು ಕೆಳಗಿಳಿಸಿ ನಾಲ್ಕು ತುಂಡು ಮಾಡಿದರು. ಮೂರನ್ನು ಪಕ್ಕಪಕ್ಕದಲ್ಲಿ ಜೋಡಿಸಿ, ನಾಲ್ಕನೆಯದನ್ನು ಸೀಳಿ ಕಾಲು ಮಾಡಿ, ಕೆಳಗೆ ಅಡ್ಡಲಾಗಿ ಒಂದು ಪಟ್ಟಿ ಹೊಡೆದರು. ಮೈದಾನದ ಅಂಚಿಗೆ, ಅದೇ ಪಡುವಣ ಗೋಲಿನ ಹಿಂದೆ, ಸಾಕಮ್ಮನ ಟೀ ಅಂಗಡಿಯಿತ್ತು. ಅದರ ಮುಂದೆ ನನ್ನನ್ನು ಹಾಕಿದರು. ತಲೆಯ ಮೇಲಿದ್ದವಳು ಕುಂಡಿಯ ಕೆಳಗೆ ಬಂದೆ. ಮೊದಲ ದಿನ ಸಂಪಂಗಿ ಟೀ ಕುಡಿಯಲು ಬಂದವನು ನನ್ನ ಮೈಮೇಲೆ ಉಳಿದಿದ್ದ ಬಿಳಿ ಬಣ್ಣ ನೋಡಿ ನಿಂತುಬಿಟ್ಟ. ಆಮೇಲೆ ಬಗ್ಗಿ ಎರಡು ಸಲ ತಟ್ಟಿದ. ಅಂದಿನಿಂದ ಆಟಕ್ಕೆ ಹೋಗುವ ಮುಂಚೆ ಕಬ್ಬಿಣದ ಅಡ್ಡಪಟ್ಟಿಯನ್ನು ಅವನು ಮುಟ್ಟಲಿಲ್ಲ. ನನ್ನನ್ನೇ ತಟ್ಟಿ ಹೋಗುತ್ತಿದ್ದ.

ನನ್ನ ಮೇಲೆ ದಿನಾ ಸಂಜೆ ಕೂರುವವರು ಹಲವರು. ಅವರಲ್ಲಿ ಇಬ್ಬರು ಮಾತ್ರ ತಪ್ಪದವರು. ಒಬ್ಬರು ಬೋರಲಿಂಗಯ್ಯ, ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಗುಮಾಸ್ತರು. ಒಂದು ಕಾಲದಲ್ಲಿ ಲೈನ್ಸ್‌ಮನ್ ಆಗಿ ಬಾವುಟ ಹಿಡಿದವರು. ಅಂಗಿಯ ಜೇಬಿನಲ್ಲಿ ಫುಟ್ಬಾಲಿನ ನಿಯಮಗಳ ಒಂದು ಪುಟ್ಟ ಪುಸ್ತಕ ಸದಾ ಇರುತ್ತಿತ್ತು, ಕ್ಯಾಲೆಂಡರಿನ ಹಾಳೆಯ ಹೊದಿಕೆ ಹಾಕಿ. ಕಾಲೋನಿಯೆಲ್ಲ ಅವರನ್ನು ರೂಲ್ಸ್ ಬೋರಲಿಂಗಯ್ಯ ಎನ್ನುತ್ತಿತ್ತು. ಇನ್ನೊಬ್ಬ ಖಲಂದರ್, ಸೈಕಲ್ ಅಂಗಡಿಯವನು. ಅವನಿಗೆ ಆಟವೆಂದರೆ ಗೋಲು. ಮಿಕ್ಕದ್ದೆಲ್ಲ ಗೋಲಿಗೆ ಮುಂಚಿನ ಕಾಯುವಿಕೆ.

ಅವರ ಮಾತು ಕೇಳಿಯೇ ನನ್ನ ಬಣ್ಣ ಸವೆಯಿತು. ಆಫ್‌ಸೈಡು, ಹಳದಿ ಕಾರ್ಡು, ಯಾರು ಬಿದ್ದಂತೆ ನಟಿಸಿದ, ಯಾರು ಹಿಂದಿನ ದಿನ ಕುಡಿದು ಬಂದ, ಯಾರು ತಾಯಿಯ ಮೇಲೆ ಬೈದು ಆಟದಿಂದ ಹೊರಬಿದ್ದ, ಎಲ್ಲವೂ ನನ್ನ ಮೇಲೆ ತೀರ್ಮಾನವಾಗುತ್ತಿತ್ತು. ಜಗಳ ಹತ್ತಿದಾಗ ಬೋರಲಿಂಗಯ್ಯ ಪುಸ್ತಕ ತೆಗೆದು, ನಾಲಗೆಗೆ ಬೆರಳು ತಾಗಿಸಿ, ಪುಟ ತಿರುವುತ್ತಿದ್ದರು. ಅವರು ಓದಿದ ಮೇಲೆ ಮಾತಿಲ್ಲ. ಖಲಂದರನೂ ಗ್ಲಾಸು ಕೆಳಗಿಟ್ಟು ಸುಮ್ಮನಾಗುತ್ತಿದ್ದ.

ಮಧ್ಯಾಹ್ನ ಗಿರಾಕಿಗಳಿಲ್ಲದಾಗ ಸಾಕಮ್ಮ ನನ್ನ ಮೇಲೆ ಕಾಲು ಚಾಚಿ ಮೊಮ್ಮಗಳಿಗೆ ಕಥೆ ಹೇಳುತ್ತಿದ್ದಳು. ಅವಳ ಕಥೆಗಳಲ್ಲಿ ಮರಕ್ಕೆ ಬಾಯಿತ್ತು. ತಪ್ಪು ಮಾಡದವನನ್ನು ರಾಜನ ಭಟರು ಎಳೆದುಕೊಂಡು ಹೋಗುವಾಗ ದಾರಿಯ ಮರ ತಡೆದು, ನಿಲ್ಲಿ, ನಾನು ಕಂಡಿದ್ದೇನೆ, ಎನ್ನುತ್ತಿತ್ತು. ಮಗು ನನ್ನ ಮೈ ಸವರಿ, ಅಜ್ಜೀ ಇದೂ ಮಾತಾಡತ್ತಾ, ಎಂದು ಕೇಳುತ್ತಿತ್ತು. ವೇಳೆ ಬಂದ್ರೆ ಆಡ್ತದೆ, ಎನ್ನುತ್ತಿದ್ದಳು ಸಾಕಮ್ಮ. ನಾನು ಅದನ್ನು ನಂಬಿದೆ.

ಒಂದು ವರ್ಷ ತಂಡಕ್ಕೆ ಲಾಜರ್ ಎಂಬ ಕೋಚ್ ಬಂದರು. ಅವರು ಕೂಗುತ್ತಿರಲಿಲ್ಲ. ಅದೇ ಅವರ ದೊಡ್ಡ ತಪ್ಪಾಯಿತು. ಹಿಂದಿನ ಕೋಚ್ ಗೆರೆಯ ಪಕ್ಕ ನಿಂತು ಗಂಟಲು ಹರಿಯುವಂತೆ ಬೈಯುತ್ತಿದ್ದವರು, ಸಿಟ್ಟು ಬಂದರೆ ನೀರಿನ ಬಕೆಟ್ಟಿಗೆ ಒದೆಯುತ್ತಿದ್ದವರು. ಕೋಚಿನ ಕೆಲಸ ಎಂದರೆ ಅದು ಎಂದು ನನ್ನ ಮೇಲೆ ಕೂರುವವರು ತಿಳಿದಿದ್ದರು. ಲಾಜರ್ ಕೈಕಟ್ಟಿ ನಿಲ್ಲುತ್ತಿದ್ದರು. ಚೆಂಡನ್ನು ದೂರ ಒದೆಯಬೇಡಿ, ಹತ್ತಿರದವನಿಗೆ ಕೊಡಿ, ದಾರಿ ಕಾಣದಿದ್ದರೆ ಹಿಂದಕ್ಕೆ ಕೀಪರಿಗೆ ಕೊಡಿ, ಎನ್ನುತ್ತಿದ್ದರು. ತಂಡ ಸೋಲುತ್ತಿರಲಿಲ್ಲ, ಗೆಲ್ಲುತ್ತಲೂ ಇರಲಿಲ್ಲ.

"ಇದು ಫುಟ್ಬಾಲಾ ಬೋರಣ್ಣ? ನಿದ್ದೆ ಮಾತ್ರೆ ಇದು," ಎಂದ ಖಲಂದರ್. "ಅಂಗಡಿ ಮುಚ್ಚಿ ಬಂದು ಆಕಳಿಸ್ಕೊಂಡು ಹೋಗ್ತೀನಿ."

"ಕೋಚ್ ಅಂದ್ಮೇಲೆ ಬಾಯಿರ್ಬೇಕಪ್ಪ," ಎಂದರು ಬೋರಲಿಂಗಯ್ಯ. "ಈವಯ್ಯ ಚರ್ಚಿಗೆ ಬಂದಂಗೆ ನಿಂತಿರ್ತಾನೆ."

ಸಂಪಂಗಿ ಒಬ್ಬನೇ ಎದುರು ಮಾತಾಡಿದ. ಲಾಜರ್ ಸಾರ್ ಇದ್ದರೆ ತನಗೆ ಧೈರ್ಯ, ಆಟದ ಹಿಂದಿನ ದಿನ ಒಬ್ಬೊಬ್ಬರನ್ನೂ ಕೂರಿಸಿಕೊಂಡು ಎಲ್ಲ ಹೇಳುತ್ತಾರೆ, ಎಂದ. ಅವನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೋಚನ್ನು ತೆಗೆಯಬೇಕೆಂದು ಕಾರ್ಖಾನೆಗೆ ಒಂದು ಅರ್ಜಿ ಹೊರಟಿತು. ಬೋರಲಿಂಗಯ್ಯ ಅದನ್ನು ನನ್ನ ಮೇಲೆ ಹಾಳೆ ಹರವಿ ಬರೆದರು, ಮುತ್ತಿನಂಥ ಅಕ್ಷರ. ಮೊದಲ ಸಹಿ ಖಲಂದರನದು. ಲೇಖನಿ ಒತ್ತಿದ ಗೆರೆಗಳು ಈಗಲೂ ನನ್ನ ಮೈಮೇಲಿವೆ. ಸೀಸನ್ನಿನಲ್ಲಿ ಎರಡು ಆಟ ಉಳಿದಿರುವಾಗ ಲಾಜರ್ ಹೋದರು. ಹೋಗುವ ದಿನ ನನ್ನ ಮೇಲೆ ಕೂತು ಒಂದು ಟೀ ಕುಡಿದರು.

ಬೇರೆ ಕೋಚ್ ಬರಲಿಲ್ಲ. ಎರಡರಲ್ಲಿ ಮೊದಲ ಆಟ ಸೋತರು. ಉಳಿದದ್ದು ಒಂದು, ನಮ್ಮ ಮೈದಾನದಲ್ಲೇ. ಸೋಲದೆ ಸಮ ಮಾಡಿಕೊಂಡರೂ ತಂಡ ಎ ಡಿವಿಷನ್‌ನಲ್ಲಿ ಉಳಿಯುತ್ತಿತ್ತು. ಸಂಪಂಗಿಗೆ ಅದು ಆಟಕ್ಕಿಂತ ದೊಡ್ಡದು. ಅವನು ಒಂಬತ್ತು ವರ್ಷದಿಂದ ಕಾರ್ಖಾನೆಯಲ್ಲಿ ಹಂಗಾಮಿ ಕೆಲಸಗಾರ. ತಂಡ ಎ ಡಿವಿಷನ್‌ನಲ್ಲಿ ಉಳಿದರೆ ಅವನನ್ನು ಖಾಯಂ ಮಾಡುತ್ತೇವೆಂದು ಕಾರ್ಖಾನೆಯವರು ಮಾತು ಕೊಟ್ಟಿದ್ದರು. ಮೂವತ್ತೆರಡು ತುಂಬಿತ್ತು ಅವನಿಗೆ. ಮುಂದಿನ ವರ್ಷ ಗೋಲಿನಲ್ಲಿ ಯಾರೋ ಎಳೆಯ ಹುಡುಗ ನಿಲ್ಲುತ್ತಾನೆಂಬುದು ಅವನಿಗೂ ಗೊತ್ತಿತ್ತು.

ಆಟದ ಹಿಂದಿನ ಸಂಜೆ ಸಂಪಂಗಿ ಬೆಂಚಿಗೆ ಬಂದ. ಲಾಜರ್ ಇದ್ದಿದ್ದರೆ ಅವರ ಹತ್ತಿರ ಹೋಗುತ್ತಿದ್ದ. ಬೋರಲಿಂಗಯ್ಯನವರ ಮುಂದೆ ನಿಂತು ಕೇಳಿದ:

"ಸಾರ್, ನಮ್ಮೋರು ಕಾಲಲ್ಲಿ ಒದ್ದು ಕೊಟ್ರೆ ನಾನು ಕೈಯಲ್ಲಿ ಹಿಡಿಯಂಗಿಲ್ಲ, ಅದು ಗೊತ್ತು. ಗೆರೆ ಆಚೆಯಿಂದ ಕೈಯಲ್ಲಿ ಥ್ರೋ ಎಸೆದು ಕೊಟ್ರೆ ಹಿಡೀಬೋದಾ? ಯಾವ್ದೋ ಟೀಮ್ನೋರು ಏನೋ ಬದಲಾಗಿದೆ ಅಂತಿದ್ರು."

ಬೋರಲಿಂಗಯ್ಯ ನಕ್ಕರು. ಜೇಬಿನಿಂದ ಪುಸ್ತಕ ತೆಗೆದರು. ಪುಟ ಸಿಕ್ಕಿತು. ಓದಿ, ಮೂಲೆ ಮಡಚಿ, ಅವನ ಮುಖಕ್ಕೆ ಹಿಡಿದರು.

"ನೋಡ್ಕೋ. ಒದ್ರೆ ಮಾತ್ರ ತಪ್ಪು. ಎಸೆದ್ರೆ ಧಾರಾಳವಾಗಿ ಹಿಡಿ. ಯಾರಾದ್ರೂ ಕೇಳಿದ್ರೆ ಬೋರಲಿಂಗಯ್ಯ ಹೇಳಿದ್ರು ಅನ್ನು."

ಸಂಪಂಗಿಯ ಮುಖ ಬೆಳಗಿತು. ಖಲಂದರ್ ಪಕ್ಕದಲ್ಲೇ ಕೂತು ಬನ್ನು ತಿನ್ನುತ್ತಿದ್ದ. ಎಲ್ಲ ಕೇಳಿಸಿಕೊಂಡ.

ಪುಸ್ತಕ ಹೇಳಿದ್ದು ಸುಳ್ಳಲ್ಲ. ಅದು ಹಳೆಯದು, ಅಷ್ಟೆ. ಆ ವರ್ಷವೇ ನಿಯಮ ಬದಲಾಗಿತ್ತು. ತನ್ನವರು ಎಸೆದ ಥ್ರೋವನ್ನೂ ಕೀಪರ್ ಕೈಯಲ್ಲಿ ಹಿಡಿಯುವಂತಿರಲಿಲ್ಲ. ಕೊನೆಯ ವಾರದ ಆಟಗಳಿಂದ ಹೊಸ ನಿಯಮ ಜಾರಿ ಎಂದು ಲೀಗಿನವರು ಪ್ರತಿ ತಂಡದ ಕೋಚಿಗೆ ಪತ್ರ ಬರೆದಿದ್ದರು. ನಮ್ಮ ತಂಡದ ಪತ್ರ ಲಾಜರ್ ಹೆಸರಿಗೆ ಬಂದಿತ್ತು. ಲಾಜರ್ ಇರಲಿಲ್ಲ. ಲಕೋಟೆ ಒಡೆಯದೆ ಕ್ರೀಡಾ ಕೋಣೆಯ ಮೇಜಿನ ಮೇಲೆ ಬಿದ್ದಿತ್ತು. ಇದೆಲ್ಲ ನನ್ನ ಕಿವಿಗೆ ಬಿದ್ದದ್ದು ಆಮೇಲೆ.

ಮರುದಿನ ಸಂಪಂಗಿ ನನ್ನನ್ನು ಎರಡು ಸಲ ತಟ್ಟಿ ಹೋದ. ದ್ವಿತೀಯಾರ್ಧದಲ್ಲಿ ಅವನು ಪಡುವಣ ಗೋಲಿಗೆ ಬಂದು ನಿಂತ, ನನಗೆ ಬೆನ್ನು ಮಾಡಿ. ಎಂಥ ಆಟ ಆಡಿದ ಆ ದಿನ! ಮೂರು ಸಲ ಅವನು ಹಾರಿದಾಗ, ಕೆಳಗಿದ್ದರೂ ನನಗೆ ಆಕಾಶ ಕಂಡಿತು. ಮುಗಿಯಲು ಐದಾರು ನಿಮಿಷ. ಯಾರಿಗೂ ಗೋಲಿಲ್ಲ. ನಮ್ಮ ಬ್ಯಾಕ್ ಆಟಗಾರನಿಗೆ ಗೋಲಿನ ಹತ್ತಿರವೇ ಥ್ರೋ ಸಿಕ್ಕಿತು. ಎದುರಿಗೆಲ್ಲ ಜನ. ಅವನು ಲಾಜರ್ ಕಲಿಸಿದಂತೆ ಹಿಂದಕ್ಕೆ, ಸಂಪಂಗಿಗೆ ಎಸೆದ. ಸಂಪಂಗಿ ಅದನ್ನು ಎರಡೂ ಕೈಯಲ್ಲಿ ಮಗುವಿನಂತೆ ಎತ್ತಿಕೊಂಡ.

ಸೀಟಿ ಮೊಳಗಿತು.

ಅವನಿಗೆ ಅರ್ಥವಾಗಲಿಲ್ಲ. ರೆಫರಿ ಎದುರಾಳಿಗಳಿಗೆ ಫ್ರೀ ಕಿಕ್ ಕೊಟ್ಟು, ಗೋಲಿನಿಂದ ಆರು ಗಜದಲ್ಲಿ ಚೆಂಡಿಡಿಸಿದರು. ಸಂಪಂಗಿ ಓಡಿ ಹೋಗಿ, ಎಸೆದದ್ದು, ಒದ್ದದ್ದಲ್ಲ, ಎಂದು ಕೈ ಮಾಡಿ ತೋರಿಸಿದ. ನನ್ನ ಕಡೆಗೆ ಬೆರಳು ಮಾಡಿ, ಬೇಕಾದರೆ ಪುಸ್ತಕ ಇದೆ, ಬೋರಲಿಂಗಯ್ಯನವರನ್ನು ಕೇಳಿ, ಎಂದ. ರೆಫರಿ ತಲೆಯಾಡಿಸಿದರು. ಚೆಂಡು ಬಂತು, ಬಲೆಗೆ ಬಿತ್ತು. ಆಗ ಸಂಪಂಗಿ ಮಾಡಬಾರದ್ದನ್ನು ಮಾಡಿದ. ರೆಫರಿಯ ಎದೆಗೆ ಎರಡೂ ಕೈ ಇಟ್ಟು ತಳ್ಳಿದ. ಒಂಬತ್ತು ವರ್ಷ ಯಾರನ್ನೂ ಏಕವಚನದಲ್ಲಿ ಮಾತಾಡಿಸದವನು.

ಕೆಂಪು ಕಾರ್ಡು. ಸೋಲು. ತಂಡ ಬಿ ಡಿವಿಷನ್ನಿಗೆ ಇಳಿಯಿತು.

ಬೋರಲಿಂಗಯ್ಯ ಆ ಹೊತ್ತಿಗೆ ನನ್ನ ಮೇಲೆ ಕೂತಿದ್ದರು. ಲೈನ್ಸ್‌ಮನ್ ಒಬ್ಬರು ಬಂದು, ಈ ವರ್ಷದಿಂದ ಬದಲಾಯಿತಲ್ಲ ಸಾರ್, ನಿಮಗೂ ಗೊತ್ತಿರಲಿಲ್ಲವೇ, ಎಂದು ಕೇಳಿ ಹೋದರು. ಬೋರಲಿಂಗಯ್ಯ ಸುತ್ತ ನೋಡಿದರು. ಯಾರೂ ನೋಡದಾಗ ಜೇಬಿನ ಪುಸ್ತಕ ತೆಗೆದು, ನನ್ನ ಹಲಗೆಗೂ ಅಡಿಯ ಪಟ್ಟಿಗೂ ನಡುವಿನ ಸಂದಿಯಲ್ಲಿ ತುರುಕಿದರು. ಮಡಚಿದ ಪುಟದ ಮೂಲೆ ನನಗೆ ಚುಚ್ಚಿತು.

ಮೂರು ದಿನ ನನ್ನ ಮೇಲೆ ನ್ಯಾಯ ನಡೆಯಿತು. ಕೆಲವರು ಸಂಪಂಗಿ ಆಟ ಮಾರಿಕೊಂಡ ಎಂದರು. ಕೆಲವರು, ರೆಫರಿ ಮೈ ಮುಟ್ಟುವವನನ್ನು ಇಟ್ಟುಕೊಳ್ಳಬಾರದು, ಶಿಸ್ತಿಲ್ಲದವನು, ಎಂದರು. ಇಷ್ಟು ಚಿಕ್ಕ ನಿಯಮ ಗೊತ್ತಿಲ್ಲದ ಕೀಪರ್ ಯಾವ ಕೀಪರ್ ಎಂದು ಕೇಳಿದರು. ಒಡೆಯದ ಲಕೋಟೆಯ ಸುದ್ದಿಯೂ ಬಂತು, ಆದರೆ ಅದರ ಬಗ್ಗೆ ಯಾರೂ ಹೆಚ್ಚು ಹೊತ್ತು ಮಾತಾಡಲಿಲ್ಲ. ಅರ್ಜಿಗೆ ಸಹಿ ಹಾಕಿದವರೇ ಎಲ್ಲರೂ.

ಮೂರನೆಯ ಸಂಜೆ ಸಂಪಂಗಿ ಬಂದ. ಬೋರಲಿಂಗಯ್ಯನವರ ಮುಂದೆ, ಆಟದ ಹಿಂದಿನ ಸಂಜೆ ನಿಂತಿದ್ದಲ್ಲೇ ನಿಂತ. ಕೇಳಲಿಲ್ಲ, ಬೈಯಲಿಲ್ಲ. ಒಂದು ಮಾತಿಗೆ ಕಾದ. ಬೋರಲಿಂಗಯ್ಯ ಟೀ ಗ್ಲಾಸಿನೊಳಗೆ ನೋಡುತ್ತ ಹೇಳಿದರು:

"ಆಡೋನು ರೂಲ್ಸ್ ತಿಳ್ಕೊಂಡು ಆಡ್ಬೇಕಪ್ಪ."

ನಾನು ಖಲಂದರನ ಕಡೆ ಕಾದೆ. ಅವನು ಉಸಿರು ಒಳಗೆಳೆದುಕೊಂಡದ್ದು ಗೊತ್ತಾಯಿತು. ಹೇಳುತ್ತಾನೆ ಎಂದುಕೊಂಡೆ. ಅವನು ಆ ಉಸಿರನ್ನು ಹಾಗೇ ಬಿಟ್ಟ.

ಇದೇ ನನ್ನ ವೇಳೆ ಎಂದುಕೊಂಡೆ. ಪುಸ್ತಕ ನನ್ನ ಹೊಟ್ಟೆಯಲ್ಲಿತ್ತು. ನಿಲ್ಲಿ, ನಾನು ಕಂಡಿದ್ದೇನೆ, ಎನ್ನಬೇಕಿತ್ತು. ಇದ್ದಬದ್ದ ಶಕ್ತಿಯನ್ನೆಲ್ಲ ಕೂಡಿಸಿದೆ. ಒಂದು ಮೊಳೆ ಕಿರ್ ಎಂದಿತು. ಬೆಂಚು ಅಲ್ಲಾಡ್ತಿದೆ ಸಾಕಮ್ಮ, ಎಂದು ಯಾರೋ ಅಂದರು.

ಸಂಪಂಗಿ ಬಗ್ಗಿ ನನ್ನನ್ನು ಎರಡು ಸಲ ತಟ್ಟಿದ. ಹೊರಟ. ಕಾರ್ಖಾನೆಯವರು ಅವನನ್ನು ಮತ್ತೆ ಕೆಲಸಕ್ಕೆ ಕರೆಯಲಿಲ್ಲ. ಹೊಸಕೋಟೆಯ ಸಂತೆಯಲ್ಲಿ ಮೂಟೆ ಹೊರುವುದನ್ನು ಕಂಡೆವೆಂದು ಯಾರೋ ಹೇಳಿದರು. ಆಮೇಲೆ ಅದೂ ಇಲ್ಲ.

ತಂಡವನ್ನು ಕಾರ್ಖಾನೆ ಬಿಟ್ಟಿತು, ಕೆಲವು ವರ್ಷಕ್ಕೆ ಕಾರ್ಖಾನೆಯೂ ಮುಚ್ಚಿತು. ಸಾಕಮ್ಮ ತೀರಿಕೊಂಡಳು. ಖಲಂದರ್ ನನ್ನನ್ನು ತನ್ನ ಸೈಕಲ್ ಅಂಗಡಿಗೆ ಸಾಗಿಸಿದ. ಮೈದಾನದ ಸುತ್ತ ಹಸಿರು ಬಲೆ ಕಟ್ಟಿ, ಪ್ಲಾಸ್ಟಿಕ್ ಹುಲ್ಲು ಹಾಸಿ, ಗಂಟೆಯ ಲೆಕ್ಕದಲ್ಲಿ ಆಡಲು ಬಿಡುತ್ತಾರಂತೆ. ಬೋರಲಿಂಗಯ್ಯ ಮಾತ್ರ ಕೋಲೂರಿಕೊಂಡು ಬಂದು ನನ್ನ ಮೇಲೆ ಕೂರುತ್ತಿದ್ದರು. ಬಂದವರಿಗೆಲ್ಲ ಆ ಆಟದ ಕಥೆ ಹೇಳುತ್ತಿದ್ದರು. ವರ್ಷದಿಂದ ವರ್ಷಕ್ಕೆ ಕಥೆ ಬದಲಾಯಿತು. ಮೊದಲು, ಪಾಪ ಅವನಿಗೆ ಯಾರೂ ಹೇಳಿರಲಿಲ್ಲ, ಎನ್ನುತ್ತಿದ್ದರು. ಆಮೇಲೆ, ಅವನು ಯಾರನ್ನೂ ಕೇಳುವವನಲ್ಲ, ಎಂದರು.

ಕೊನೆಯ ಸಲ ಬಂದಾಗ ಅಂಗಡಿಯಲ್ಲಿ ಖಲಂದರ್ ಒಬ್ಬನೇ ಇದ್ದ. ಇಬ್ಬರಿಗೂ ಹಲ್ಲಿರಲಿಲ್ಲ. ಬೋರಲಿಂಗಯ್ಯ ಕೋಲನ್ನು ನನಗೆ ಒರಗಿಸಿಟ್ಟು ಹೇಳಿದರು:

"ಹಿಂದಿನ ದಿನಾನೇ ಹೇಳಿದ್ದೆ ಖಲಂದರ್, ಥ್ರೋ ಬಂದ್ರೆ ಕೈ ಹಾಕ್ಬೇಡ ಅಂತ. ಕೇಳ್ಲಿಲ್ಲ ನೋಡು. ನೀನೂ ಇದ್ದೆಯಲ್ಲ?"

ಅವರ ದನಿಯಲ್ಲಿ ಸುಳ್ಳಿರಲಿಲ್ಲ. ಅದೇ ನನ್ನನ್ನು ಹೆದರಿಸಿತು. ಖಲಂದರ್ ಚಕ್ರದ ಕಡ್ಡಿ ತಿರುವುತ್ತಿದ್ದ ಕೈ ನಿಲ್ಲಿಸಿದ. ಮುದುಕನ ಮುಖವನ್ನು ನೋಡಿದ.

"ಹೌದು ಬೋರಣ್ಣ," ಎಂದ. "ಹೇಳಿದ್ರಿ."

ಅವನು ಅದನ್ನು ಕನಿಕರದಿಂದಲೇ ಹೇಳಿದ. ಕನಿಕರಕ್ಕೂ ಒಬ್ಬ ಬಲಿ ಬೇಕಾಗುತ್ತದೆಂದು ಅಂದು ತಿಳಿಯಿತು.

ಈಗ ಇಬ್ಬರೂ ಇಲ್ಲ. ಅಂಗಡಿಯ ಹಿಂದೆ, ಹೊಂಗೆ ಮರದಡಿ, ತುಕ್ಕು ಹಿಡಿದ ರಿಮ್ಮುಗಳ ನಡುವೆ ನಾನು ಬಿದ್ದಿದ್ದೇನೆ. ಗುಜರಿಯವನು ಒಮ್ಮೆ ಬಂದು ನೋಡಿ, ಇದು ಸೌದೆಗೂ ಆಗಲ್ಲ, ಎಂದು ಹೋದ. ನನ್ನೊಳಗೆ ಗೆದ್ದಲು ಸೇರಿದೆ. ಸಂದಿಯಲ್ಲಿದ್ದ ಪುಸ್ತಕವನ್ನು ಅದು ತಿಂದು ಮುಗಿಸಿದೆ, ಮಡಚಿದ ಪುಟದಿಂದಲೇ ಶುರುಮಾಡಿ. ಆ ಸಂಜೆ ನಿಜವಾಗಿ ಏನಾಯಿತೆಂದು ಬಲ್ಲವಳು ಇನ್ನು ನಾನೊಬ್ಬಳೇ, ಅದೂ ಗೆದ್ದಲು ನನ್ನನ್ನು ಮುಗಿಸುವವರೆಗೆ.

ಸಾಕಮ್ಮ ಸುಳ್ಳು ಹೇಳಲಿಲ್ಲವೇನೋ. ಅವಳ ಕಥೆಗಳಲ್ಲಿ ಮರ ಮಾತಾಡಿದಾಗ ಕೇಳಲು ನಿಲ್ಲುವ ಭಟರಾದರೂ ಇದ್ದರು.

ಬೇಸಿಗೆಯಲ್ಲಿ ಹೊಂಗೆಯ ಒಣಕಾಯಿ ನನ್ನ ಮೇಲೆ ಉದುರುತ್ತದೆ. ಟಪ್. ಗೆದ್ದಲು ಕೂಡ ಒಂದು ಗಳಿಗೆ ಅಗಿಯುವುದನ್ನು ನಿಲ್ಲಿಸಿದಂತಾಗುತ್ತದೆ. ಎರಡನೆಯದಕ್ಕೆ ನಾನು ಕಾಯುತ್ತೇನೆ.