ಜಗಳೂರಿನ ಗುಲ್ಜಾರ್‌ಬೀ

ಬೆಳಿಗ್ಗೆ ಎದ್ದು ಆಡುವ ಮೊದಲ ಮಾತು ಯಾರ ದನಿಯಲ್ಲಿ ಬರುತ್ತದೋ ಎಂಬುದೇ ಈಚೆಗೆ ಮಸರತ್‌ಳ ಚಿಂತೆ. ಯಾರಿಗೂ ಹೇಳಿಕೊಳ್ಳುವಂಥದ್ದಲ್ಲ. ಡೈರಿಯಲ್ಲಿ ಬರೆದುಕೊಂಡಳು: 'ಇವತ್ತೂ ಅಮ್ಮಿಯನ್ನು ಕೂಗಿದ್ದು ನಾನಲ್ಲ, ನಾನಿ.' ಬರೆದದ್ದನ್ನು ಒಮ್ಮೆ ದಿಟ್ಟಿಸಿ ನೋಡಿದಳು. ಸದ್ಯ, ಅಕ್ಷರವಾದರೂ ಇನ್ನೂ ತನ್ನದೇ.

ನಾನಿ ಅಂದರೆ ಗುಲ್ಜಾರ್‌ಬೀ, ಅಮ್ಮಿಯ ತಾಯಿ. ನಲ್ಲೂರಿನವಳು, ಚನ್ನಗಿರಿಗೆ ಬಂದು ನೆಲೆಸಿ ಕೌದಿ ಹೊಲಿದು ಬದುಕು ಕಟ್ಟಿದವಳು. ಹೊನ್ನಾಳಿ, ನ್ಯಾಮತಿಯ ದರ್ಜಿಗಳು ಗುಡಿಸಿ ಹಾಕುವ ಬಟ್ಟೆಯ ಚೂರುಗಳು ಮೂಟೆಗಟ್ಟಲೆ ಮನೆಗೆ ಬರುತ್ತಿದ್ದವು. ಚೂರಿಗೆ ಚೂರು ಕೂಡಿಸಿ, ಮೂರು ಮೂಲೆ ಮುಗಿಸಿ, ನಾಲ್ಕನೆಯ ಮೂಲೆಯನ್ನು ಮಾತ್ರ ನಾನಿ ಕೊನೆಯವರೆಗೂ ತೆರೆದೇ ಇಡುತ್ತಿದ್ದಳು. ಅದು ಕೌದಿಯ ಬಾಯಿ. ಅದರೊಳಗೆ ಒಣರೊಟ್ಟಿಯ ತುಣುಕೊಂದನ್ನು ತುರುಕಿ, ತುಟಿ ಹತ್ತಿರ ತಂದು ತನ್ನ ಹೆಸರು ಹೇಳಿ, ಆಮೇಲೆ ಬಾಯಿ ಹೊಲಿಯುವಳು.

"ಹಸಿದ ಕೌದಿ ಹೊದ್ದೋರ ನಿದ್ದೆ ತಿಂತೈತೆ ಮಗಾ. ಉಣಿಸಿದೋರು ಯಾರು ಅಂತ ಅದಕ್ಕೆ ತಿಳೀಬೇಕು. ಸುಳ್ಳು ಹೆಸರು ಹೇಳಿದ್ರೆ ಅದು ಹುಡುಕ್ಕಂಡು ಬರ್ತೈತೆ."

ಡಿಗ್ರಿ ಮುಗಿಸಿ ಮನೆಯಲ್ಲಿ ಕೂತ ಮಸರತ್ ಆನ್‌ಲೈನ್ ಮಾರುಕಟ್ಟೆಯಲ್ಲಿ 'ಗುಲ್ಜಾರ್‌ಬೀ ಕೌದಿ' ಎಂಬ ಅಂಗಡಿ ತೆರೆದಳು. ಫೋಟೊ, ವಿವರ, ಪ್ಯಾಕಿಂಗು ಅವಳದು, ಮಾತು ನಾನಿಯದು. ಕಾಲೇಜಿನ ವೈವಾದಲ್ಲಿ ತನ್ನ ಹೆಸರು ಹೇಳಲಿಕ್ಕೂ ಗಂಟಲು ಕಟ್ಟಿದ ಹುಡುಗಿ ಗಿರಾಕಿಗಳ ಜೊತೆ ಏನು ಮಾತಾಡಿಯಾಳು? ನಾನಿಯೇ ಮೊಬೈಲನ್ನು ಬಾಯಿಗಿಟ್ಟುಕೊಂಡು, ಮೊದಲು ಒಂದು ಕೆಮ್ಮು ಕೆಮ್ಮಿ, ಕೊಂಡವರಿಗೆಲ್ಲ ಹೇಳಿ ಕಳಿಸುವಳು: "ಕೌದಿ ಹೊಟ್ಟೆ ತುಂಬಿಸ್ಕಂಡು ಬರ್ತೈತೆ, ಚೆಂದಾಗಿ ಹೊದ್ಕಳ್ರಿ."

ಕಣ್ಣು ಮಂಜಾದ ಮೇಲೆ ನಾನಿಯ ಸೂಜಿ ಮಸರತ್‌ಳ ಕೈಗೆ ಬಂತು. ಹೋದ ರಂಜಾನಿಗೆ ಮುಂಚೆ ನಾನಿ ತೀರಿಕೊಂಡಳು. ಮಣ್ಣಾದ ಮಾರನೇ ದಿನ ಹೊನ್ನಾಳಿಯ ಗಿರಾಕಿಯೊಬ್ಬರ ಫೋನು. "ಗುಲ್ಜಾರ್‌ಬೀ ಇದಾರಾ?" ಗಾಬರಿಯಲ್ಲಿ ಮಸರತ್ ಬಾಯಿ ತೆರೆದಳು. ಹೊರಗೆ ಬಂದದ್ದು ನಾನಿಯ ದನಿ: "ನಾನೇ ಮಗಾ, ಹೇಳು." ಆಮೇಲೆ ನೆನಪಾಗಿ ಕೆಮ್ಮಿದಳು.

ಆ ದನಿಗೆ ಅಂಜಿಕೆಯೇ ಇರಲಿಲ್ಲ. ನಗುತ್ತಿತ್ತು, ಚೌಕಾಸಿ ಮಾಡುತ್ತಿತ್ತು. ಅಂದಿನಿಂದ ಗಿರಾಕಿಗಳಿಗೆ ಹೋದ ವಾಯ್ಸ್ ಮೆಸೇಜುಗಳೆಲ್ಲ ಅದರಲ್ಲೇ. ಕೌದಿಯ ಬಾಯಿಗೆ ಹೇಳುವ ಹೆಸರೂ ಗುಲ್ಜಾರ್‌ಬೀಯೇ.

ಹೀಗಿರುವಾಗ ಆ ಮೇಲ್ ಬಂತು. ನಿಮ್ಮ ಅಂಗಡಿಯ ಕೌದಿಗಳನ್ನೆಲ್ಲ ತೆಗೆದುಹಾಕಲಾಗಿದೆ. ಟ್ರೇಡ್‌ಮಾರ್ಕಿನ ಒಡೆಯರು ನಿಮ್ಮದು ನಕಲಿ ಮಾಲೆಂದು ದೂರು ಕೊಟ್ಟಿದ್ದಾರೆ. ಶುಕ್ರವಾರ ಮಧ್ಯಾಹ್ನ ಎರಡೂ ಕಡೆಯವರಿಗೆ ಒಟ್ಟಿಗೆ ಫೋನು ಬರುತ್ತದೆ. ಹೆಸರು ನಿಮ್ಮದೆಂದು ತೋರಿಸದಿದ್ದರೆ ಅಂಗಡಿ ಶಾಶ್ವತವಾಗಿ ಮುಚ್ಚುತ್ತದೆ. ಕೆಳಗೆ ದೂರು ಕೊಟ್ಟವರ ವಿಳಾಸ, ಫೋನ್ ನಂಬರು. ಹೆಸರು: ಗುಲ್ಜಾರ್‌ಬೀ. ಊರು: ಜಗಳೂರು.

ಅಣ್ಣ ಇಲಿಯಾಸ್ ಲಗೇಜ್ ಆಟೊ ಓಡಿಸುವವನು. ಓದಿ ನಕ್ಕ. "ಸತ್ತ ಮ್ಯಾಲೆ ಜಗಳೂರಾಗೆ ಬ್ರಾಂಚ್ ಓಪನ್ ಮಾಡ್ಯಾಳಲ್ಲ ನಾನಿ! ನಮಗೊಂದು ಮಾತು ಹೇಳಬಾರ್ದಾ?"

"ಭಾಯ್, ನಗಬ್ಯಾಡ."

ನಗು ನಿಲ್ಲಿಸಿ, ದೂರಿನಲ್ಲಿದ್ದ ಟ್ರೇಡ್‌ಮಾರ್ಕ್ ನಂಬರನ್ನು ಸರ್ಕಾರದ ವೆಬ್‌ಸೈಟಿನಲ್ಲಿ ಹುಡುಕಿದ. "ನೋಡಿಲ್ಲಿ. ಈ ನಂಬರು ಯಾವನೋ ಊದುಬತ್ತಿಯೋನ್ದು. ಕೌದಿಗೂ ಇದಕ್ಕೂ ಸಂಬಂಧನೇ ಇಲ್ಲ. ಸುಳ್ಳು ಕಂಪ್ಲೇಂಟು ಕೊಟ್ಟು ನಿನ್ನ ಅಂಗಡಿ ಮುಚ್ಸಿ, ಅದೇ ಹೆಸರಾಗೆ ಮಿಲ್ಲಿನ ರಗ್ಗು ಮಾರಾಕೆ ನಿಂತಾರೆ."

ಅಷ್ಟು ಕೇಳಿದ ಮೇಲೆ ಮಸರತ್‌ಗೆ ಧೈರ್ಯ ಬರಬೇಕಿತ್ತು. ಮೇಲ್‌ನಲ್ಲಿದ್ದ ದೂರುದಾರರ ನಂಬರಿಗೆ ಫೋನು ಹಚ್ಚಿದಳು. ಆ ಕಡೆ ಎತ್ತಿದರು.

"ಯಾರು ಮಗಾ?" ನಾನಿಯ ದನಿ. ಆಮೇಲೆ ಕೆಮ್ಮು. "ನನ್ನ ಹೆಸರು ನನಗೆ ಬಿಟ್ಟುಬಿಡು."

ಮೊಬೈಲು ಕೈಜಾರಿ ಬಟ್ಟೆ ಚೂರುಗಳ ರಾಶಿಯೊಳಗೆ ಹುದುಗಿಹೋಯಿತು. ಆ ರಾಶಿಯ ಒಳಗಿಂದ ಅದು ಇನ್ನೂ ಮಾತಾಡುತ್ತಲೇ ಇತ್ತು.

ಶುಕ್ರವಾರ ಇಲಿಯಾಸ್‌ಗೆ ಸೊಕ್ಕೆಗೆ ಪ್ಲಾಸ್ಟಿಕ್ ಕುರ್ಚಿ ಒಯ್ಯುವ ಬಾಡಿಗೆಯಿತ್ತು. ಜಗಳೂರು ದಾರಿಯಲ್ಲೇ. "ನಡಿ, ಆ ಮುದುಕಿ ಮುಖ ನೋಡ್ಕಂಡೇ ಬರಾಣ" ಎಂದು ಮಸರತ್‌ಳನ್ನೂ ಹತ್ತಿಸಿಕೊಂಡ. ದಾರಿಯುದ್ದಕ್ಕೂ ಅವನದು ಒಂದೇ ಮಾತು.

"ಫೋನು ಬಂದಾಗ, ಗುಲ್ಜಾರ್‌ಬೀ ಸತ್ತಾಳೆ ಅಂತ ಹೇಳು. ಮರಣದ ಸರ್ಟಿಫಿಕೇಟು ಐತೆ. ಸತ್ತೋಳು ಕಂಪ್ಲೇಂಟು ಕೊಡಾಕೆ ಆಗ್ತೈತಾ? ಅವರ ನಾಟಕ ಅಲ್ಲಿಗೆ ಖತಂ."

"ಮತ್ತೆ ಇಷ್ಟು ದಿನ ಮಾತಾಡಿದ್ದು ಯಾರು ಅಂತ ಕೇಳಿದ್ರೆ?"

"ನೀನು ಅನ್ನು."

"ನನ್ನ ದನಿಯಾಗೆ?"

"ಇನ್ಯಾರ ದನಿಯಾಗೆ, ನಮ್ಮಪ್ಪನ ದನಿಯಾಗಾ?"

ಮಸರತ್ ಹೊರಗೆ ನೋಡಿದಳು. ದೂರದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸದ್ದಿಲ್ಲದೆ ತಿರುಗುತ್ತಿದ್ದವು.

ವಿಳಾಸದ ಜಾಗ ಒಂದು ಮಳಿಗೆ. ಬಿಸಿಲಿಗೆ ಬೀದಿ ಖಾಲಿ. ಶಟರ್ ಎಳೆದು ಬೀಗ ಹಾಕಿತ್ತು, ಮೇಲೆ ಹೊಸ ಬೋರ್ಡು: ಗುಲ್ಜಾರ್‌ಬೀ ಕೌದಿ. ಶಟರಿನ ಕೆಳಮೂಲೆ ಡೊಂಕಾಗಿ ಕೈ ತೂರುವಷ್ಟು ತೆರೆದಿತ್ತು. ಒಳಗೆ ಕತ್ತಲು. ನಾಲ್ಕೇ ಹೆಜ್ಜೆ ಎದುರಿಗೆ ಮಿರ್ಚಿ ಕರಿಯುತ್ತಿದ್ದ ತಿಪ್ಪಮ್ಮ ಎಂಬ ಹೆಂಗಸನ್ನು ಇಲಿಯಾಸ್ ವಿಚಾರಿಸಿದ.

"ಶಟರ್ ಎತ್ತಿದ್ದೇ ನೋಡಿಲ್ಲಪ್ಪ" ಅಂದಳು ತಿಪ್ಪಮ್ಮ. "ಯಾರೋ ಇಬ್ರು ಬಂದು ಬೋರ್ಡು ಹೊಡ್ದು ಹೋದ್ರು, ಅಷ್ಟೇ. ಒಳಗೆ ಫೋನು ಬಡ್ಕಂತೈತೆ, ತಂತಾನೇ ಸುಮ್ನಾಗ್ತೈತೆ. ಬೋರ್ಡಿನ ಮ್ಯಾಲೆ ನಂಬರೈತಲ್ಲ, ನಾನೂ ಒಂದ್ಸಲ ಮಾಡ್ದೆ. ಮುದುಕಿ ಮಾತಾಡಿದ್ಲು. ಎಲ್ಲಿದ್ದೀಯವ್ವ ಅಂದೆ. ಒಳಗೇ ಇದೀನಿ ಅಂದ್ಲು."

"ಆಮೇಲೆ?" ಎಂದಳು ಮಸರತ್.

ತಿಪ್ಪಮ್ಮನ ಕೈಯ ಸೌಟು ಎಣ್ಣೆಯ ಮೇಲೆ ಹಾಗೇ ನಿಂತಿತು. ಹುಡುಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಯವ್ವಾ! ಅದೇ ದನಿ. ನೀನೇನಾ ಆ ಮುದುಕಿ?"

ಮಸರತ್ ಶಟರಿನ ಕಡೆ ಸರಿದಳು. ತಾನು ಯಾವ ದನಿಯಲ್ಲಿ ಕೇಳಿದೆನೆಂದು ಅವಳಿಗೇ ಗೊತ್ತಿರಲಿಲ್ಲ.

ಅಷ್ಟರಲ್ಲಿ ಮೊಬೈಲು ಹೊಡೆದುಕೊಂಡಿತು. ಅದೇ ಗಳಿಗೆಗೆ ಶಟರಿನ ಒಳಗೂ ಒಂದು ಫೋನು ಹೊಡೆದುಕೊಂಡಿತು. ಎರಡೂ ಒಟ್ಟಿಗೆ, ಒಂದಕ್ಕೊಂದು ಕೂಗಿ ಕರೆದಂತೆ. ಮಸರತ್ ತನ್ನದನ್ನು ಎತ್ತಿದಳು. ಒಳಗಿನದೂ ನಿಂತಿತು.

"ಮಾರುಕಟ್ಟೆ ಕಂಪನಿಯಿಂದ ನಿಂಗರಾಜ್ ಮಾತಾಡ್ತಿದ್ದೀನಿ" ಎಂದಿತು ಒಂದು ಗಂಡು ದನಿ. "ಎರಡೂ ಕಡೆಯವರು ಲೈನಲ್ಲಿ ಇದ್ದೀರಿ. ಕರೆ ರೆಕಾರ್ಡ್ ಆಗ್ತಿದೆ. ಗುಲ್ಜಾರ್‌ಬೀ ಅಂದ್ರೆ ಯಾರು?"

"ನಾನೇ ಮಗಾ, ಹೇಳು." ಆಮೇಲೆ ಕೆಮ್ಮು.

ಮಾತು ಕಿವಿಗಿಟ್ಟ ಮೊಬೈಲಿನಿಂದ ಬಂತು. ಶಟರಿನ ಆಚೆಯಿಂದ ಏನೂ ಕೇಳಲಿಲ್ಲ. ಬಗ್ಗಿ ಡೊಂಕು ಮೂಲೆಗೆ ಕಿವಿಯಿಟ್ಟಳು. ಉಸಿರಿಲ್ಲ, ಬಳೆಯ ಸದ್ದಿಲ್ಲ. ಯಾರೂ ಇಲ್ಲದ ಕೋಣೆಯಿಂದ ಮಾತು ಮಾತ್ರ ಲೈನಿಗೆ ಬರುತ್ತಿತ್ತು.

ಆಗ ಹೊಳೆಯಿತು, ಆ ಕೆಮ್ಮು. ನಾನಿ ಮೊದಲು ಕೆಮ್ಮಿ ಆಮೇಲೆ ಮಾತಾಡುವವಳು. ಮಾತಾಡಿ ಆಮೇಲೆ ಕೆಮ್ಮುವವಳು ಇಡೀ ಲೋಕದಲ್ಲಿ ಒಬ್ಬಳೇ. ಹೊನ್ನಾಳಿಯವರಿಗೆ ಆಡಿದ ಮೊದಲ ಸುಳ್ಳು, ಅಕ್ಷರ ಬಿಡದೆ ಅದೇ ಮಾತು. ತಾನು ಊರೂರಿಗೆ ಕಳಿಸಿದ ದನಿಯನ್ನೆಲ್ಲ ಯಾರೋ ಕೂಡಿಹಾಕಿ, ಚೂರಿಗೆ ಚೂರು ಹೊಲಿದು, ಈ ಕತ್ತಲಲ್ಲಿ ಕೂರಿಸಿದ್ದರು. ಒಳಗಿದ್ದದ್ದು ನಾನಿಯಲ್ಲ. ಒಳಗಿದ್ದದ್ದು ತಾನೇ.

"ಏನಂತೆ? ಹೇಳೇ!" ಇಲಿಯಾಸ್ ಪಿಸುಗುಟ್ಟಿದ.

"ಮೇಡಂ, ನೀವು?" ನಿಂಗರಾಜ್ ಕೇಳಿದ. "ಮಾತಾಡದಿದ್ರೆ ಅಂಗಡಿ ಮುಚ್ಚಬೇಕಾಗುತ್ತೆ."

ಗಂಟಲಿಗೆ ನಾನಿಯ ದನಿ ಬಂದು ನಿಂತಿತ್ತು, ಎಂದಿನಂತೆ ಸಲೀಸಾಗಿ. ತುಟಿ ತೆರೆದರೆ ಸಾಕು, ಹೊರಗೆ ಹೆಜ್ಜೆಯಿಡುತ್ತಿತ್ತು. ಆಮೇಲೆ ಲೈನಿನಲ್ಲಿ ಇಬ್ಬರು ಗುಲ್ಜಾರ್‌ಬೀಯರು, ಮಸರತ್ ಎಂಬವಳು ಎಲ್ಲೂ ಇಲ್ಲ.

"ನನ್ನ ಹೆಸರು ನನಗೆ ಬಿಟ್ಟುಬಿಡು" ಎಂದಿತು ಕಿವಿಯಲ್ಲಿ.

ಗಂಟಲಿಗೆ ಬಂದಿದ್ದ ದನಿಯನ್ನು ಮಸರತ್ ನುಂಗಿಕೊಂಡಳು. ಅದು ಒಣರೊಟ್ಟಿಯ ಹಾಗೆ ತರಚಿಕೊಂಡು ಇಳಿಯಿತು. ಬೆಳಕು ನುಗ್ಗದ ಶಟರಿನ ಆ ಡೊಂಕು ಬಾಯಿಗೆ ತುಟಿ ಹತ್ತಿರ ತಂದಳು, ಮೊಬೈಲನ್ನು ನಡುವೆ ಹಿಡಿದಳು. ಹೊರಬಂದ ದನಿ ತೆಳ್ಳಗಿತ್ತು, ನಡುಗುತ್ತಿತ್ತು. ಅವಳಿಗೇ ಅದರ ಗುರುತು ಸಿಗಲು ಒಂದು ಗಳಿಗೆ ಬೇಕಾಯಿತು.

"ಗುಲ್ಜಾರ್‌ಬೀ ತೀರಿಕೊಂಡಾರೆ. ಈ ಕೌದಿ ಹೊಲ್ದೋಳು ನಾನು. ಮಸರತ್."