ಮೇಷ್ಟ್ರ ಕಾರಿನ ಕ್ಲಚ್ಚು

"ಇದೂ ಆಗಲ್ಲಮ್ಮ," ಎಂದ ಮೆಕ್ಯಾನಿಕ್, ಅವಳು ಚೀಲದಿಂದ ತೆಗೆದ ಕ್ಲಚ್ ಪ್ಲೇಟನ್ನು ಬೆಳಕಿಗೆ ಹಿಡಿದು. "ಅಗಲ ಏನೋ ಸರಿಯಿದೆ. ನಡುವಿನ ಹಲ್ಲುಗಳೇ ಬೇರೆ. ಶಾಫ್ಟಿಗೆ ಕೂರೋದೇ ಇಲ್ಲ."

ಅವಳು ಅದನ್ನು ಮತ್ತೆ ಚೀಲಕ್ಕೆ ಹಾಕಿಕೊಂಡಳು. ಊರಿನ ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿದ್ದಾಗಿತ್ತು. ಅವಳ ಗಂಡ ಆ ಹಳೇ ಕಾರಿನಲ್ಲೇ ಅರ್ಧ ಊರಿಗೆ ಡ್ರೈವಿಂಗ್ ಕಲಿಸಿದವನು. ಈ ಮೆಕ್ಯಾನಿಕ್ಕೂ ಅವನ ಶಿಷ್ಯನೇ. ಈಚೆಗೆ ಗಂಡ, "ಕ್ಲಚ್ಚು ಕಲ್ಲಾಗಿದೆ, ಎಷ್ಟು ಒತ್ತಿದರೂ ಬಗ್ಗಲ್ಲ" ಎಂದು ಗೊಣಗತೊಡಗಿದ್ದ. ನಡೆಯುವಾಗ ಅವನ ಎಡಗಾಲಿನ ಚಪ್ಪಲಿ ತಾನಾಗಿಯೇ ಕಳಚಿಕೊಳ್ಳುತ್ತಿದ್ದುದನ್ನು ಅವಳು ನೋಡಿದ್ದಳು, ಬಾಯಿಬಿಟ್ಟಿರಲಿಲ್ಲ. ಕಾರು ಬಿಚ್ಚಿದಾಗ ಪ್ಲೇಟು ನಿಜಕ್ಕೂ ಸವೆದುಹೋಗಿತ್ತು. "ನಾನು ಹೇಳಲಿಲ್ವಾ?" ಎಂದು ಗಂಡ ಗೆದ್ದವನ ಹಾಗೆ ನಕ್ಕಿದ್ದ. ಅವತ್ತು ಅವಳಿಗೂ ಹೋದ ಜೀವ ಬಂದಂತಾಗಿತ್ತು.

ಕೊನೆಗೆ ಸರಿಯಾದ ಪ್ಲೇಟು ಸಿಕ್ಕಿದ್ದು ಯಾರದೋ ಹಿತ್ತಲಲ್ಲಿ, ಕೋಳಿಗಳು ಸಂಸಾರ ಹೂಡಿದ್ದ ಅದೇ ಕಾಲದ ಇನ್ನೊಂದು ಕಾರಿನಲ್ಲಿ. ಆದರೆ ಅದನ್ನು ಸರಿಯಾಗಿ ಮಧ್ಯಕ್ಕೆ ಕೂರಿಸುವ ಸಲಕರಣೆ ಯಾರ ಬಳಿಯೂ ಇರಲಿಲ್ಲ. ಅವಳು ಬಡಗಿಯ ಹತ್ತಿರ ಹೋಗಿ, ಅಳತೆ ಕೊಟ್ಟು, ಗಟ್ಟಿ ಮರದ ಗೂಟವೊಂದನ್ನು ಕಡೆಸಿ ತಂದಳು. ಅದರಿಂದ ಕೆಲಸ ಆಯಿತು. ಮೆಕ್ಯಾನಿಕ್ ಕಾರನ್ನು ಒಂದು ಸುತ್ತು ಓಡಿಸಿಕೊಂಡು ಬಂದು, "ಬೆಣ್ಣೆ ಹಾಗಿದೆ, ಮೇಷ್ಟ್ರೇ. ನೀವೇ ನೋಡಿ ಬನ್ನಿ," ಎಂದ.

ಗಂಡ ಹತ್ತಿ ಕೂತ. ಎಡಗಾಲನ್ನು ಎರಡೂ ಕೈಯಿಂದ ಎತ್ತಿ ಪೆಡಲಿನ ಮೇಲಿಟ್ಟ. ಒತ್ತಿದ. ಅದು ಅಲುಗಲಿಲ್ಲ. ಸ್ಟೀರಿಂಗ್ ಹಿಡಿದು, ಅವುಡುಗಚ್ಚಿ, ಮೈಯೆಲ್ಲ ಸೆಟೆಸಿ ಒತ್ತಿದ. ಅರ್ಧಕ್ಕಿಳಿದ ಪೆಡಲು ಕಾಲನ್ನೂ ಹೊತ್ತುಕೊಂಡು ಮೇಲೆ ಬಂತು.

"ಇನ್ನೂ ಬಿಗಿ ಇದೆಯಲ್ಲೋ," ಎಂದ.

ಮೆಕ್ಯಾನಿಕ್ ಅವಳ ಮುಖ ನೋಡಿದ. ಅವಳು ನೆಲ ನೋಡಿದಳು.

"ಹೌದು ಮೇಷ್ಟ್ರೇ," ಎಂದ ಅವನು. "ನಾನೇ ಒಂಚೂರು ಬಿಗಿ ಮಾಡಿಬಿಟ್ಟೆ. ಸಡಿಲಿಸ್ತೀನಿ, ಇರಿ."

ಸ್ಪ್ಯಾನರ್ ಹಿಡಿದು ಕಾರಿನಡಿ ನುಸುಳಿದ. ಟಣ್ ಟಣ್ ಸದ್ದು ಕೇಳತೊಡಗಿತು. ಅವಳು ಬಗ್ಗಿ ನೋಡಿದಳು. ಅವನು ಅಂಗಾತ ಮಲಗಿ, ಕಣ್ಣು ಮುಚ್ಚಿಕೊಂಡು, ಸುಮ್ಮನೆ ಕಾರಿನ ತಳ ಬಡಿಯುತ್ತಿದ್ದ.

"ಈಗ ನೋಡ್ಲೇನೋ?" ಗಂಡ ಮೇಲಿಂದ ಕೂಗಿದ.

"ಈಗ್ಲೇ ಬೇಡ, ಮೇಷ್ಟ್ರೇ..."